ಈಜು ಕಲಿಸಿದವನು ಕುರ್ಚಿಗೆ ಹೋದ ಮೇಲೆ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ತಿಂಗಳು ನಮ್ಮ ನೌಕರರ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಒಳ್ಳೆ ಅಂಕ ತೆಗೆದ ನಮ್ಮ ಮಕ್ಕಳಿಗೆ ಸನ್ಮಾನ. ಮುಖ್ಯ ಅತಿಥಿ ನಮ್ಮವರೇ, ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಹಾರ ತುರಾಯಿ ಎಲ್ಲಾ ಆದ ಮೇಲೆ ಮೈಕ್ ಹಿಡಿದು ಅಂದ್ರು: "ಇನ್ನೆಷ್ಟು ದಿನ ಮೀಸಲಾತಿ ಮೀಸಲಾತಿ ಅಂತ ಕೂರ್ತೀರಪ್ಪಾ? ನೀರಿಗೆ ಬಿದ್ದೋನು ತಾನೇ ಈಜು ಕಲೀತಾನೆ. ನಾನು ಕಲೀಲಿಲ್ವಾ?" ಚಪ್ಪಾಳೆ ಬಿತ್ತು. ನಾನೂ ಅಭ್ಯಾಸಬಲದಿಂದ ಎರಡು ಸಲ ತಟ್ಟಿ, ಆಮೇಲೆ ಕೈ ಕೆಳಗಿಳಿಸಿದೆ. ಮುಂದಿನ ಸಾಲಲ್ಲಿ ಕೂತಿದ್ದ ಮಕ್ಕಳು ಅದನ್ನ ನೋಟ್‌ಬುಕ್ಕಲ್ಲಿ ಬರ್ಕೋತಿದ್ರು.

ನಂಗೆ ಈಜು ಬರಲ್ಲ. ವಯಸ್ಸು ನಲವತ್ತಾರು. ನಮ್ಮೂರಲ್ಲಿ ಮೆಟ್ಟಿಲಿದ್ದ ದೊಡ್ಡ ಬಾವಿಯೊಂದಿತ್ತು. ಬೇಸಿಗೆ ರಜೆಯಲ್ಲಿ ಊರೊಳಗಿನ ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಕೊಂಡು ಅದರಲ್ಲಿ ಈಜು ಕಲೀತಿದ್ರು. ಸೊಂಟಕ್ಕೆ ಕಟ್ಟಿದ ಹಗ್ಗ ಹಿಡ್ಕೊಂಡು ಅಪ್ಪನೋ ಸೋದರಮಾವನೋ ಮೇಲೆ ನಿಂತಿರೋನು. ನಮ್ಮ ಕೇರಿ ಹುಡುಗರು ಹುಣಸೆ ಮರದ ಕೆಳಗೆ ನಿಂತು ನೋಡ್ತಿದ್ವಿ. ಆ ಮೆಟ್ಟಿಲು ಇಳಿಯೋ ಹಾಗಿರಲಿಲ್ಲ. ನೀರಿಗೆ ಬಿದ್ದೋನು ಈಜು ಕಲೀತಾನೆ, ನಿಜ. ಆದ್ರೆ ನೀರಿಗೆ ಬೀಳೋಕಾದ್ರೂ ಬಿಡಬೇಕಲ್ಲ?

ಅವತ್ತು ರಾತ್ರಿ ಬಸ್ಸಲ್ಲಿ ಬರ್ತಾ ನೆನಪಾದ ವ್ಯಕ್ತಿ ಅಮೆರಿಕದ ಒಬ್ಬ ಈಜು ಕೋಚ್. ಹೆಸರು ಕ್ಲಾರೆನ್ಸ್ ಪೆಂಡಲ್‌ಟನ್. ಕಪ್ಪು ಮನುಷ್ಯ. ವಾಷಿಂಗ್‌ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಈಜು ತಂಡದ ಕೋಚ್ ಆಗಿದ್ದವನು, ಆಮೇಲೆ ಅದೇ ದೇಶದ ನಾಗರಿಕ ಹಕ್ಕುಗಳ ಆಯೋಗದ ಅಧ್ಯಕ್ಷನಾದ. ಆ ಕುರ್ಚಿಯಲ್ಲಿ ಕೂತು ಆತ ಏನು ಮಾಡಿದ ಅನ್ನೋದೇ ಇವತ್ತಿನ ಕಥೆ.

ಮೊದಲು ಆ ದೇಶದಲ್ಲಿ ನೀರಿನ ಕಥೆ ಹೇಗಿತ್ತು ಅಂತ ನೋಡೋಣ. 1919ರ ಜುಲೈ 27ರಂದು ಶಿಕಾಗೋದ ಮಿಶಿಗನ್ ಸರೋವರದಲ್ಲಿ ಯೂಜೀನ್ ವಿಲಿಯಮ್ಸ್ ಅನ್ನೋ 17 ವರ್ಷದ ಕಪ್ಪು ಹುಡುಗ ಗೆಳೆಯರ ಜೊತೆ ನೀರಾಟ ಆಡ್ತಿದ್ದ. ಬಿಳಿಯರ ದಡ ಇದು, ಕಪ್ಪು ಜನರ ದಡ ಅದು ಅಂತ ನೀರಿನ ಮೇಲೆ ಗೆರೆಯೇನೂ ಇರಲಿಲ್ಲ. ತೇಲ್ತಾ ತೇಲ್ತಾ ಬಿಳಿಯರ ಕಡೆಗೆ ಹೋದ. ದಡದಿಂದ ಕಲ್ಲು ಬಂತು. ಹುಡುಗ ಮುಳುಗಿ ಸತ್ತ. ಆಮೇಲೆ ಹೊತ್ತಿದ ಗಲಭೆಯಲ್ಲಿ 38 ಜನ ಹೋದ್ರು, ಅದರಲ್ಲಿ 23 ಜನ ಕಪ್ಪು ಜನ. ಇದಾಗಿ ಎಂಟು ವರ್ಷಕ್ಕೆ, 1927ರ ಮಾರ್ಚ್ 20ಕ್ಕೆ, ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದರು. ಅಲ್ಲೂ ಕಲ್ಲು, ದೊಣ್ಣೆ ಬಂತು. ಆಮೇಲೆ ಕೆರೆಯನ್ನ ಸಗಣಿ, ಗಂಜಲ ಹಾಕಿ 'ಶುದ್ಧಿ' ಮಾಡಿದ್ರು. ಆ ಕೆರೆ ಎಲ್ಲರದ್ದು ಅಂತ ಬಾಂಬೆ ಹೈಕೋರ್ಟ್ ಹೇಳೋಕೆ 1937 ಆಗಬೇಕಾಯ್ತು.

ಪೆಂಡಲ್‌ಟನ್ ಹುಟ್ಟಿದ್ದು 1930ರ ನವೆಂಬರ್ 10ಕ್ಕೆ, ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ. ಬೆಳೆದಿದ್ದು ವಾಷಿಂಗ್‌ಟನ್ನಿನಲ್ಲಿ. ಅಪ್ಪನ ಹೆಸರೂ ಕ್ಲಾರೆನ್ಸ್ ಪೆಂಡಲ್‌ಟನ್ನೇ. ಹೋವರ್ಡ್ ವಿಶ್ವವಿದ್ಯಾಲಯದ ಮೊಟ್ಟಮೊದಲ ಈಜು ಕೋಚ್ ಆ ಅಪ್ಪ. ಹೋವರ್ಡ್ ಅಂದ್ರೆ ನಿಮಗೆ ಗೊತ್ತಿರಬಹುದು. ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡ ಎರಡೇ ವರ್ಷಕ್ಕೆ, 1867ರಲ್ಲಿ ಶುರುವಾದ ವಿಶ್ವವಿದ್ಯಾಲಯ. ಶಾಲೆಗಳಲ್ಲಿ ಬಣ್ಣಭೇದ ಕೂಡದು ಅಂತ 1954ರಲ್ಲಿ ಸುಪ್ರೀಂ ಕೋರ್ಟಲ್ಲಿ ಗೆದ್ದು ಕೊಟ್ಟ ವಕೀಲ ಥರ್ಗುಡ್ ಮಾರ್ಷಲ್ ಓದಿದ್ದು ಅದೇ ಹೋವರ್ಡಿನ ಕಾನೂನು ಶಾಲೆಯಲ್ಲಿ. ನಮ್ಮಲ್ಲಿ ಬಾಬಾಸಾಹೇಬರು ಕಟ್ಟಿದ ಮಿಲಿಂದ ಕಾಲೇಜಿನ ಹಾಗೆ, ಅದಕ್ಕಿಂತ ಎಷ್ಟೋ ದೊಡ್ಡದು.

ರಾಜಧಾನಿಯ ಸರ್ಕಾರಿ ಈಜುಕೊಳಗಳಲ್ಲೂ ಮಡಿ ಮೈಲಿಗೆ ಇತ್ತು. ಹೋವರ್ಡ್ ಎದುರಿಗಿರುವ ಬ್ಯಾನೆಕರ್ ಕೊಳ, ಇನ್ನೊಂದು ಫ್ರಾನ್ಸಿಸ್ ಕೊಳ ಕಪ್ಪು ಜನರಿಗೆ. ಉಳಿದ ಒಳ್ಳೊಳ್ಳೆ ಕೊಳಗಳು ಬಿಳಿಯರಿಗೆ. 1949ರ ಜೂನ್‌ನಲ್ಲಿ ಕಪ್ಪು ಹುಡುಗರು ಅನಕೋಸ್ಟಿಯಾ ಕೊಳಕ್ಕೆ ಇಳಿದಾಗ ಬಿಳಿಯರ ಗುಂಪು ಸೇರಿ ದೊಡ್ಡ ಹೊಡೆದಾಟ ಆಯ್ತು. ಸರ್ಕಾರ ಕೊಳಕ್ಕೇ ಬೀಗ ಹಾಕ್ತು. ಮುಂದಿನ ವರ್ಷ ತೆರೆದಾಗ ಎಲ್ಲರಿಗೂ ತೆರೀತು. ಆಗ ಪೆಂಡಲ್‌ಟನ್‌ಗೆ ಹದಿನೆಂಟು ವರ್ಷ. ಅಂದ್ರೆ ಇದೆಲ್ಲ ಆತನ ಕಣ್ಣೆದುರಿಗೇ, ಆತನ ಊರಲ್ಲೇ ನಡೆದದ್ದು.

ಆತ ಕಪ್ಪು ಮಕ್ಕಳಿಗೇ ಅಂತಿದ್ದ ಡನ್‌ಬಾರ್ ಹೈಸ್ಕೂಲಲ್ಲಿ ಓದಿ, 1954ರಲ್ಲಿ ಹೋವರ್ಡ್‌ನಿಂದ ಡಿಗ್ರಿ ಪಡೆದು, ಮೂರು ವರ್ಷ ಸೈನ್ಯದಲ್ಲಿದ್ದು ವಾಪಸ್ ಬಂದ. ಅಲ್ಲೇ ಸ್ನಾತಕೋತ್ತರ ಓದು ಮುಗಿಸಿ, ಅಲ್ಲೇ ದೈಹಿಕ ಶಿಕ್ಷಣ ಕಲಿಸ್ತಾ ಅಪ್ಪ ಶುರು ಮಾಡಿದ ಈಜು ತಂಡಕ್ಕೆ ಕೋಚ್ ಆದ. ಫುಟ್‌ಬಾಲ್, ಬೇಸ್‌ಬಾಲ್, ದೋಣಿ ಸ್ಪರ್ಧೆ, ಇವಕ್ಕೂ ತರಬೇತಿ ಕೊಟ್ಟ. ಆದ್ರೆ ಹೆಸರು ತಂದಿದ್ದು ಈಜು. ಆತನ ತಂಡ ಹನ್ನೊಂದು ವರ್ಷದಲ್ಲಿ ಹತ್ತು ಸಲ ಚಾಂಪಿಯನ್ ಆಯ್ತು!

ಹತ್ತು ಸಲ. ಕಲಿಯೋಕೆ ಕೊಳ ಸಿಗದಿದ್ದ ಜನಾಂಗದ ಹುಡುಗರು ಅವರು. ಒಂದು ಕೊಳ, ಒಬ್ಬ ಒಳ್ಳೆ ಕೋಚ್, ದಿನಾ ಬೆಳಗ್ಗೆ ಅಭ್ಯಾಸ, ಇಷ್ಟು ಸಿಕ್ಕಿದ್ದಕ್ಕೆ ಗೆದ್ದರು. ಪೆಂಡಲ್‌ಟನ್ ಬದುಕಿನ ಈ ಭಾಗಕ್ಕೆ ನಾನು ಎದ್ದು ನಿಂತು ನಮಸ್ಕಾರ ಮಾಡ್ತೀನಿ.

ಆತ ಅಲ್ಲಿ ಕೋಚ್ ಆಗಿದ್ದ ಕಾಲದಲ್ಲೇ, 1965ರ ಜೂನ್ 4ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಹೋವರ್ಡ್ ಘಟಿಕೋತ್ಸವಕ್ಕೆ ಬಂದ. ಅವತ್ತಿನ ಭಾಷಣ ಚರಿತ್ರೆಯಲ್ಲಿ ಉಳಿದಿದೆ. ಅದರ ಸಾರ ಇಷ್ಟು: ವರ್ಷಗಟ್ಟಲೆ ಕಾಲಿಗೆ ಸರಪಳಿ ಹಾಕಿ ಇಟ್ಟಿದ್ದ ಮನುಷ್ಯನನ್ನ ಬಿಡಿಸಿ, ಓಟದ ಗೆರೆಗೆ ತಂದು ನಿಲ್ಲಿಸಿ, 'ಈಗ ಎಲ್ಲರ ಜೊತೆ ಓಡಪ್ಪ' ಅಂದ್ರೆ ಅದು ನ್ಯಾಯ ಅಲ್ಲ. ಬಾಗಿಲು ತೆರೆದರೆ ಸಾಲದು, ಆ ಬಾಗಿಲು ದಾಟೋ ಶಕ್ತಿಯನ್ನೂ ಕೊಡಬೇಕು. ಅದೇ ವರ್ಷ ಸೆಪ್ಟೆಂಬರ್ 24ಕ್ಕೆ ಆತ 11246ನೇ ಆದೇಶಕ್ಕೆ ಸಹಿ ಹಾಕಿದ. ಸರ್ಕಾರಿ ಗುತ್ತಿಗೆ ಪಡೆಯೋ ಕಂಪನಿಗಳು ಕಪ್ಪು ಜನರನ್ನ ಕೆಲಸಕ್ಕೆ ತಗೊಳ್ಳೋಕೆ ತಾವಾಗೇ ಮುಂದಾಗಿ ಕ್ರಮ ಕೈಗೊಳ್ಳಬೇಕು ಅನ್ನೋ ಆದೇಶ. ನಮ್ಮ ಮೀಸಲಾತಿಯಷ್ಟು ಗಟ್ಟಿ ಅಲ್ಲ, ಆದ್ರೆ ಅದೇ ದಾರಿಯದ್ದು. ಓಟದ ಗೆರೆಯ ಈ ಮಾತು ಬೇರೆ ಯಾರಿಗಿಂತ ಒಬ್ಬ ಕೋಚ್‌ಗೆ ಚೆನ್ನಾಗಿ ಅರ್ಥ ಆಗಬೇಕಿತ್ತು.

1968ರಲ್ಲಿ ಪೆಂಡಲ್‌ಟನ್ ಹೋವರ್ಡ್ ಬಿಟ್ಟು ಬಾಲ್ಟಿಮೋರ್‌ಗೆ ಹೋದ. ಬಡವರ ಬಡಾವಣೆಗಳನ್ನ ಸುಧಾರಿಸೋ 'ಮಾಡೆಲ್ ಸಿಟೀಸ್' ಅನ್ನೋ ಸರ್ಕಾರಿ ಯೋಜನೆಯಲ್ಲಿ ಕೆಲಸ. 1972ರಲ್ಲಿ ಸ್ಯಾನ್ ಡಿಯಾಗೋದ ಮೇಯರ್ ಪೀಟ್ ವಿಲ್ಸನ್ ಅದೇ ಯೋಜನೆ ನಡೆಸೋಕೆ ಅಲ್ಲಿಗೆ ಕರೆಸ್ಕೊಂಡ. 1975ಕ್ಕೆ ಅಲ್ಲಿನ ಅರ್ಬನ್ ಲೀಗ್‌ನ ಮುಖ್ಯಸ್ಥನಾದ. ಅದು ಕಪ್ಪು ಜನರ ಹಳೇ ದೊಡ್ಡ ಸಂಘಟನೆಯ ಶಾಖೆ. ಗಮನಿಸಿ, ಕೋಚ್ ಕೆಲಸದಿಂದ ಹಿಡಿದು ಇಲ್ಲಿವರೆಗೂ ಆತ ಹತ್ತಿದ ಒಂದೊಂದು ಮೆಟ್ಟಿಲೂ ಒಂದೋ ಕಪ್ಪು ಜನ ಕಟ್ಟಿಕೊಂಡದ್ದು, ಇಲ್ಲಾ ಚಳವಳಿಯ ಒತ್ತಡಕ್ಕೆ ಸರ್ಕಾರ ಕಟ್ಟಿದ್ದು.

ಸ್ಯಾನ್ ಡಿಯಾಗೋದಲ್ಲಿ ಆತನ ವಿಚಾರ ತಿರುಗಿತು. ಸರ್ಕಾರದ ನೆರವು ನಮ್ಮ ಜನರನ್ನ ಪರಾವಲಂಬಿ ಮಾಡುತ್ತೆ, ವ್ಯಾಪಾರ ಉದ್ಯೋಗದಿಂದಲೇ ಉದ್ಧಾರ ಅನ್ನೋಕೆ ಶುರು ಮಾಡಿದ. ಡೆಮಾಕ್ರಟಿಕ್ ಪಕ್ಷ ಬಿಟ್ಟು 1980ರಲ್ಲಿ ರೊನಾಲ್ಡ್ ರೇಗನ್‌ಗೆ ಬೆಂಬಲ ಕೊಟ್ಟ. ರೇಗನ್ ಮರೀಲಿಲ್ಲ. 1981ರ ಕೊನೆಗೆ ನಾಗರಿಕ ಹಕ್ಕುಗಳ ಆಯೋಗದ ಅಧ್ಯಕ್ಷ ಸ್ಥಾನಕ್ಕೆ ಹೆಸರಿಸಿದ. 1957ರ ಕಾಯ್ದೆಯಿಂದ ಹುಟ್ಟಿದ ಆ ಆಯೋಗಕ್ಕೆ ಮೊದಲ ಕಪ್ಪು ಅಧ್ಯಕ್ಷ!

ಇಲ್ಲೇ ನಾವು ನಿಧಾನಕ್ಕೆ ನೋಡಬೇಕು. ಆ ಕುರ್ಚಿಯಿಂದ ಯಾರನ್ನ ಎಬ್ಬಿಸಿದ್ರು? ಆರ್ಥರ್ ಫ್ಲೆಮಿಂಗ್ ಅನ್ನೋ ಬಿಳಿಯ ಮುದುಕನನ್ನ. ರೇಗನ್ ಪಕ್ಷದವನೇ, ಹಿಂದೆ ಕೇಂದ್ರದಲ್ಲಿ ಮಂತ್ರಿಯಾಗಿದ್ದವನು. ಆದ್ರೆ ಕಪ್ಪು ಜನರ ಉದ್ಯೋಗದ ಹಕ್ಕು, ಮಕ್ಕಳು ಒಟ್ಟಿಗೆ ಓದೋ ಹಕ್ಕು ಅಂತ ಬಿಡದೆ ಮಾತಾಡ್ತಿದ್ದ. ಹಕ್ಕಿನ ಪರ ಮಾತಾಡೋ ಬಿಳಿಯನನ್ನ ತೆಗೆದು, ಮಾತಾಡದ ಕಪ್ಪು ಮನುಷ್ಯನನ್ನ ಕೂರಿಸಿದ್ರು. ಫೋಟೋ ನೋಡಿದೋರಿಗೆ ಪ್ರಾತಿನಿಧ್ಯ ಹೆಚ್ಚಾದ ಹಾಗೇ ಕಾಣುತ್ತೆ.

ಕುರ್ಚಿಯಲ್ಲಿ ಕೂತ ಪೆಂಡಲ್‌ಟನ್, ಕೋಟಾ ಬೇಡ ಅಂದ. ಒಟ್ಟಿಗೆ ಓದಲಿ ಅಂತ ಮಕ್ಕಳನ್ನ ಬೇರೆ ಬಡಾವಣೆ ಶಾಲೆಗೆ ಬಸ್ಸಲ್ಲಿ ಕಳಿಸೋದು ಬೇಡ ಅಂದ. ಹೆಂಗಸರ ಕೆಲಸಕ್ಕೆ ಸಮಾನ ಮೌಲ್ಯ, ಸಮಾನ ಸಂಬಳ ಅನ್ನೋ ಬೇಡಿಕೆಯನ್ನ ಕಾರ್ಟೂನ್ ಸಿನಿಮಾಗೆ ಹೋಲಿಸಿ ಗೇಲಿ ಮಾಡಿದ. 1985ರಲ್ಲಂತೂ ಈ ನೀತಿಗಳನ್ನ ಬೆಂಬಲಿಸೋ ಕಪ್ಪು ನಾಯಕರನ್ನೇ 'ಹೊಸ ಜನಾಂಗವಾದಿಗಳು' ಅಂತ ಕರೆದ.

ಅದೇ ಆಯೋಗದಲ್ಲಿ ಮೇರಿ ಫ್ರಾನ್ಸಿಸ್ ಬೆರಿ ಅನ್ನೋ ಕಪ್ಪು ಮಹಿಳೆ ಸದಸ್ಯೆಯಾಗಿದ್ದರು. ಇತಿಹಾಸದ ಪ್ರಾಧ್ಯಾಪಕಿ. ಅವರೂ ಹೋವರ್ಡ್‌ನಲ್ಲೇ ಓದಿದವರು, ಅಲ್ಲಿ ಡಿಗ್ರಿ ಪಡೆದದ್ದು 1961ರಲ್ಲಿ. ಅಂದ್ರೆ ಪೆಂಡಲ್‌ಟನ್ ಈಜು ಕಲಿಸ್ತಿದ್ದ ಅದೇ ಆವರಣ. 1983ರಲ್ಲಿ ರೇಗನ್ ಬೆರಿಯವರನ್ನೂ, ಬ್ಲಾಂಡಿನಾ ರಮಿರೆಸ್ ಅನ್ನೋ ಮೆಕ್ಸಿಕನ್ ಮೂಲದ ಸದಸ್ಯೆಯನ್ನೂ, ಇನ್ನೊಬ್ಬ ಸದಸ್ಯರನ್ನೂ ವಜಾ ಮಾಡಿದ. ಈ ಇಬ್ಬರು ಹೆಣ್ಣುಮಕ್ಕಳು ಮನೆಗೆ ಹೋಗಲಿಲ್ಲ, ಕೋರ್ಟಿಗೆ ಹೋದ್ರು. ಕೊನೆಗೆ ಸಂಸತ್ತು ಮಧ್ಯೆ ಬಂದು ಆಯೋಗವನ್ನೇ ಹೊಸದಾಗಿ ರಚಿಸ್ತು. ಎಂಟು ಸದಸ್ಯರು, ನಾಲ್ವರು ಅಧ್ಯಕ್ಷನ ಕಡೆಯಿಂದ, ನಾಲ್ವರು ಸಂಸತ್ತಿನ ಕಡೆಯಿಂದ. ಬೆರಿ, ರಮಿರೆಸ್ ವಾಪಸ್ ಬಂದ್ರು. ಆದ್ರೆ ಬಹುಮತ ಪೆಂಡಲ್‌ಟನ್ ಕಡೆಗೇ.

ಈ ಹೊಸ ಆಯೋಗ 1984ರ ಜನವರಿಯಲ್ಲಿ ಕೈಗೆತ್ತಿಕೊಂಡ ಮೊದಲ ವಿಷಯಗಳಲ್ಲಿ ಒಂದು ಯಾವುದು ಗೊತ್ತಾ? ಡೆಟ್ರಾಯಿಟ್ ಪೊಲೀಸ್ ಇಲಾಖೆಯಲ್ಲಿ ಕಪ್ಪು ಪೊಲೀಸರಿಗೆ ಬಡ್ತಿಯಲ್ಲಿ ಇದ್ದ ಕೋಟಾ. ಅದು ತಪ್ಪು ಅಂತ ಆಯೋಗ ಖಂಡನೆ ಮಾಡ್ತು. ಬೆರಿ ಮತ್ತು ರಮಿರೆಸ್ ಮಾತ್ರ ಒಪ್ಪಲಿಲ್ಲ.

ಬಡ್ತಿ ಅಂದ ಕೂಡಲೇ ನಮ್ಮ ನೌಕರ ಬಂಧುಗಳಿಗೆ 2017ರ ಫೆಬ್ರವರಿ 9 ನೆನಪಾಗಿರುತ್ತೆ. ಬಿ.ಕೆ. ಪವಿತ್ರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ನಮ್ಮ ರಾಜ್ಯದ ಬಡ್ತಿ ಮೀಸಲಾತಿ ಜ್ಯೇಷ್ಠತೆಯ ಕಾಯ್ದೆಯನ್ನ ಹೊಡೆದು ಹಾಕಿದ ದಿನ. ಹಿಂಬಡ್ತಿ ಪಟ್ಟಿ ಟೈಪ್ ಮಾಡೋ ಕೆಲಸ ನನ್ನ ಟೇಬಲ್ಲಿಗೇ ಬಂದಿತ್ತು. ನಿನ್ನೆವರೆಗೂ 'ಸಾರ್' ಅಂತಿದ್ದ ನಮ್ಮವರ ಹೆಸರನ್ನ ಒಂದು ಮೆಟ್ಟಿಲು ಕೆಳಗೆ ಟೈಪ್ ಮಾಡಿದ ಬೆರಳು ಇವು. ಅವತ್ತು ಕ್ಯಾಂಟೀನಲ್ಲಿ ಒಬ್ಬ ಸಹೋದ್ಯೋಗಿ 'ಇನ್ಮೇಲೆ ಮೆರಿಟ್ ಇದ್ದೋರು ಮೇಲೆ ಬರ್ತಾರೆ ಬಿಡಿ' ಅಂದಿದ್ದು ಇನ್ನೂ ಕಿವಿಯಲ್ಲಿದೆ. ರಾಜ್ಯ ಹೊಸ ಕಾಯ್ದೆ ತಂದು, 2019ರ ಮೇ 10ಕ್ಕೆ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡಿಯೋವರೆಗೂ ಆ ಮಾತಿಗೆ ನನ್ನ ಹತ್ರ ಆಫೀಸಿನ ಭಾಷೆಯಲ್ಲಿ ಉತ್ತರ ಇರಲಿಲ್ಲ.

ಮೆರಿಟ್ ವಿಚಾರಕ್ಕೇ ಬರೋಣ. 1987ರ ಏಪ್ರಿಲ್ 6. ಲಾಸ್ ಏಂಜಲೀಸ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ದೊಡ್ಡ ಅಧಿಕಾರಿ ಆಲ್ ಕ್ಯಾಂಪನಿಸ್ ಅನ್ನೋನು ಟೀವಿಯಲ್ಲಿ ಕೂತಿದ್ದ. ಕಪ್ಪು ಜನ ಯಾಕೆ ತಂಡದ ಮ್ಯಾನೇಜರ್ ಆಗ್ತಿಲ್ಲ ಅಂತ ಕೇಳಿದ್ರೆ, ಅವರಿಗೆ ಅದಕ್ಕೆ ಬೇಕಾದ್ದು ಇಲ್ಲದೇ ಇರಬಹುದು ಅಂದ. ಅಷ್ಟಕ್ಕೇ ಬಿಡದೆ, ಕಪ್ಪು ಜನ ಒಳ್ಳೆ ಈಜುಗಾರರಾಗಲ್ಲ, ಅವರ ಮೈಗೆ ತೇಲೋ ಗುಣ ಇಲ್ಲ ಅಂದ. ಎರಡು ದಿನಕ್ಕೆ ಕೆಲಸ ಹೋಯ್ತು, ಅದು ಬೇರೆ ಮಾತು.

ಅವತ್ತು ದೇಶದ ನಾಗರಿಕ ಹಕ್ಕುಗಳ ಆಯೋಗದ ಕುರ್ಚಿಯಲ್ಲಿ ಕೂತಿದ್ದವನು ಯಾರು? ಕಪ್ಪು ಹುಡುಗರನ್ನ ನೀರಿಗಿಳಿಸಿ ಹನ್ನೊಂದು ವರ್ಷದಲ್ಲಿ ಹತ್ತು ಸಲ ಗೆಲ್ಲಿಸಿದ ಕೋಚ್! 'ತೇಲೋ ಗುಣ ಇಲ್ಲ' ಅನ್ನೋ ಸುಳ್ಳಿಗೆ ಆತನ ಬದುಕೇ ಉತ್ತರ ಆಗಿತ್ತು. ತೇಲದೇ ಇದ್ದದ್ದು ಮೈಯಿಂದಲ್ಲ, ಕೊಳಕ್ಕೆ ಬೀಗ ಇದ್ದಿದ್ರಿಂದ. ಮಿಸಿಸಿಪಿಯ ಜಾಕ್ಸನ್ ನಗರದಲ್ಲಿ, ಕಪ್ಪು ಜನರನ್ನೂ ಬಿಡಬೇಕು ಅಂತ ಕೋರ್ಟು ಹೇಳಿದ್ದಕ್ಕೆ ನಗರಸಭೆ ಈಜುಕೊಳಗಳನ್ನೇ ಮುಚ್ಚಿಬಿಡ್ತು. ಮುಚ್ಚಿದ್ದು ತಪ್ಪಲ್ಲ ಅಂತ 1971ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ತೀರ್ಪು ಕೊಡ್ತು. ಹಂಚಿಕೊಳ್ಳೋ ಬದಲು ತಾವೂ ಈಜೋದು ಬಿಟ್ರು! ಇಷ್ಟೆಲ್ಲ ಆದ ಮೇಲೆ 'ಇವರಿಗೆ ಈಜು ಬರಲ್ಲ' ಅಂತ ಅವರೇ ಹೇಳ್ತಾರೆ. ನಮ್ಮಲ್ಲಿ 'ಇವರಿಗೆ ಮೆರಿಟ್ ಇಲ್ಲ' ಅನ್ನೋದೂ ಇದೇ ಬಾವಿಯ ನೀರು.

ಪೆಂಡಲ್‌ಟನ್ 1988ರ ಜೂನ್ 5ರಂದು ಸ್ಯಾನ್ ಡಿಯಾಗೋದಲ್ಲಿ ವ್ಯಾಯಾಮ ಮಾಡ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡ. 57 ವರ್ಷ. ಕೊನೆವರೆಗೂ ಅದೇ ಕುರ್ಚಿಯಲ್ಲಿದ್ದ. ಆತನ ಅಧ್ಯಕ್ಷತೆಯಲ್ಲಿ ಆಯೋಗದ ಮರ್ಯಾದೆ ಎಷ್ಟು ಇಳಿದಿತ್ತು ಅಂದ್ರೆ ಸಂಸತ್ತು ಅದರ ಬಜೆಟ್ಟನ್ನೇ ಕತ್ತರಿಸಿತ್ತು. ಆತನ ವಿಚಾರ ಮಾತ್ರ ಸಾಯಲಿಲ್ಲ. 2023ರ ಜೂನ್ 29ಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನ ಪರಿಗಣಿಸೋ ಪದ್ಧತಿಯನ್ನ ತೆಗೆದು ಹಾಕ್ತು. ಜಾನ್ಸನ್‌ನ 11246ನೇ ಆದೇಶವನ್ನ 2025ರ ಜನವರಿ 21ಕ್ಕೆ ಟ್ರಂಪ್ ರದ್ದು ಮಾಡಿದ. ಅರವತ್ತು ವರ್ಷದ ಮಾತು ಒಂದು ಸಹಿಗೆ ಹೋಯ್ತು.

ಆತನನ್ನ 'ದ್ರೋಹಿ' ಅಂತ ಬೈದು ಪೋಸ್ಟ್ ಮುಗಿಸೋದು ಸುಲಭ. ನಂಗೆ ಮನಸ್ಸಿಲ್ಲ. ಆತ ನಂಬಿದ್ದನ್ನೇ ಹೇಳಿರಬಹುದು. ಸ್ವಾವಲಂಬನೆ ಕೆಟ್ಟ ಮಾತಲ್ಲ, ಬಾಬಾಸಾಹೇಬರೂ ಹೇಳಿದ್ದೇ. ನನ್ನ ಪ್ರಶ್ನೆ ಬೇರೆ. ನಮ್ಮವರ ನೂರು ದನಿಗಳಲ್ಲಿ ಈ ಒಂದು ದನಿಗೆ ಮಾತ್ರ ಮೈಕ್ ಕೊಟ್ಟವರು ಯಾರು? 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದದ ಮೇಲೆ ಬಾಬಾಸಾಹೇಬರಿಗೆ ಕೊನೆವರೆಗೂ ಇದ್ದ ಸಂಕಟ ಇದೇ. ನಮ್ಮ ಪ್ರತಿನಿಧಿಯನ್ನ ನಾವು ಆರಿಸದೆ ಅವರು ಆರಿಸಿದ್ರೆ, ಕುರ್ಚಿ ಮೇಲೆ ನಮ್ಮ ಮೈ ಇರುತ್ತೆ, ನಮ್ಮ ಮಾತಿರಲ್ಲ. ಆ ಒಪ್ಪಂದಕ್ಕೆ ಐವತ್ತು ವರ್ಷ ತುಂಬಿದಾಗ, 1982ರಲ್ಲಿ, ಕಾನ್ಶಿರಾಮ್ ಸಾಹೇಬರು 'ಚಮಚಾ ಯುಗ' ಬರೆದು ಹೊರತಂದ್ರು. ಪೆಂಡಲ್‌ಟನ್ ಅಧಿಕಾರ ವಹಿಸಿಕೊಂಡ ವರ್ಷವೂ ಅದೇ. ಇಬ್ಬರಿಗೂ ಒಬ್ಬರಿಗೊಬ್ಬರು ಗೊತ್ತಿರಬೇಕಾಗಿಲ್ಲ. ಎರಡು ದೇಶದಲ್ಲೂ ಆಟ ಒಂದೇ.

ಇನ್ನು ಆ ಈಜು ತಂಡ ಏನಾಯ್ತು ಅಂತೀರಾ? ಇದೆ. ಅಮೆರಿಕದಲ್ಲಿ ಕಪ್ಪು ಜನರಿಗಾಗಿ ಹುಟ್ಟಿದ ವಿಶ್ವವಿದ್ಯಾಲಯ, ಕಾಲೇಜುಗಳು ಸುಮಾರು ನೂರು ಇವೆ. ಬಹಳ ಕಡೆ ಈಜು ತಂಡಗಳು ದುಡ್ಡಿಲ್ಲದೆ ಮುಚ್ಚಿದವು. ಮೇಲಿನ ದರ್ಜೆಯ ಕಾಲೇಜು ಸ್ಪರ್ಧೆಯಲ್ಲಿ ಉಳಿದಿರೋದು ಹೋವರ್ಡ್ ಒಂದೇ. 2014ರಲ್ಲಿ ಅಲ್ಲಿಗೆ ಮುಖ್ಯ ಕೋಚ್ ಆಗಿ ಬಂದವನು ನಿಕ್ ಆಸ್ಕ್ಯೂ. ಅದೇ ಹೋವರ್ಡ್ ತಂಡದಲ್ಲಿ ಈಜಿ ಬೆಳೆದವನು. ಆತ ಬಂದಾಗ ತಂಡ ಸೋತು ಸುಣ್ಣವಾಗಿತ್ತು. ಒಂಬತ್ತು ವರ್ಷ ಹುಡುಗರನ್ನ ಹುಡುಕಿ ಹುಡುಕಿ ಸೇರಿಸಿ, 2023ರ ಫೆಬ್ರವರಿಯಲ್ಲಿ ನಾರ್ತ್‌ಈಸ್ಟ್ ಕಾನ್ಫರೆನ್ಸ್ ಚಾಂಪಿಯನ್‌ಶಿಪ್ ಗೆಲ್ಲಿಸಿದ. 34 ವರ್ಷದ ಮೇಲೆ ಬಂದ ಗೆಲುವು. ಸುತ್ತ ಬಿಳಿಯರ ತಂಡಗಳು, ಮಧ್ಯೆ ಪೂರಾ ಕಪ್ಪು ತಂಡ, ಅವರೆಲ್ಲ ಸೇರಿ ಕೋಚನ್ನ ನೀರಿಗೆ ಎಳ್ಕೊಂಡ ಹಾಗೆ ಊಹಿಸ್ಕೊಂಡು ನಾನು ಒಬ್ಬನೇ ಬಸ್ಸಲ್ಲಿ ನಕ್ಕಿದ್ದೆ.

ಪೆಂಡಲ್‌ಟನ್ ಅಪ್ಪ ಕಟ್ಟಿದ್ದು, ಮಗ ಗೆಲ್ಲಿಸಿದ್ದು, ಆಮೇಲೆ ಆಸ್ಕ್ಯೂ ಉಳಿಸಿದ್ದು ಒಂದೇ ತಂಡ. ಕುರ್ಚಿಯ ಮಾತು ಏನೇ ಇರಲಿ, ಆ ಕೊಳ ಮಾತ್ರ ಮಕ್ಕಳಿಗೆ ಈಜು ಕಲಿಸ್ತಾನೇ ಇದೆ.

ಈಗ ನಮ್ಮ ಆ ಸನ್ಮಾನಿತ ಮಕ್ಕಳಿಗೆ ಒಂದು ಮಾತು. ಸಾಹೇಬರ ಮಾತನ್ನ ಅಳಿಸಬೇಡಿ, ಅದರ ಕೆಳಗೆ ಇದನ್ನೂ ಬರ್ಕೊಳ್ಳಿ. ಸೋರೆಬುರುಡೆ ಕಟ್ಕೊಂಡು ಈಜು ಕಲಿತ ಊರೊಳಗಿನ ಹುಡುಗನಿಗೆ ಯಾರೂ 'ನಿಂಗೆ ಮೆರಿಟ್ ಇಲ್ಲ' ಅನ್ನಲಿಲ್ಲ. ಅವನ ಬುರುಡೆಯನ್ನ ದಡದಲ್ಲಿ ನಿಂತೋರು ಕಲ್ಲು ಹೊಡೆದು ಒಡೀಲಿಲ್ಲ. ಕೈಕಾಲಿಗೆ ಧೈರ್ಯ ಬಂದ ದಿನ ಅವನೇ ಬಿಚ್ಚಿಟ್ಟ. ಬಿಚ್ಚಿದ ಮೇಲೆ ಬಿಸಾಕಲೂ ಇಲ್ಲ, ತಮ್ಮನ ಬೆನ್ನಿಗೆ ಕಟ್ಟಿದ. ನಿಮ್ಮಲ್ಲಿ ಯಾರಿಗಾದ್ರೂ ನಾಳೆ ಬೇಡ ಅನ್ನಿಸಿದ್ರೆ, ಖಂಡಿತ ಬಿಚ್ಚಿಡಿ. ಆದ್ರೆ ಹುಣಸೆ ಮರದ ಕೆಳಗೆ ಇನ್ನೂ ನಿಂತು ನೋಡ್ತಿರೋ ಹುಡುಗರು ಇದಾರೆ, ಅವರ ಕೈಗೆ ಕೊಡಿ.

ಮುಂದಿನ ಸಲ ಆ ಸಾಹೇಬರು ಸಿಕ್ಕರೆ ಜಗಳ ಆಡಲ್ಲ. ಒಂದೇ ಒಂದು ಕೇಳ್ತೀನಿ: "ಅಣ್ಣಾ, ನೀವು ನೀರಿಗಿಳಿದಾಗ ಮೇಲೆ ಹಗ್ಗ ಹಿಡಿದಿದ್ದೋರು ಯಾರು?"

ಜೈಭೀಮ್.